ಹೆಸರು ಮಾರುವ ಕೆಲಸ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಕೃಷಿ ವಿಜ್ಞಾನಿ, ಒಬ್ಬರು ಸೈನ್ಯದಲ್ಲಿದ್ದು ಬಂದವರು. ಅವರ ಕೆಲಸ ಏನೆಂದು ಯಾರೂ ಕೇಳಬೇಕಾಗಿಲ್ಲ. ನನ್ನ ವಿಷಯ ಹಾಗಲ್ಲ. ನಿರೂಪಕರು ನನ್ನನ್ನು ‘ಐಟಿ ಉದ್ಯಮಿ’ ಎಂದು ಪರಿಚಯಿಸಿದರು. ಅದು ಅವರ ದೊಡ್ಡತನ. ನಮ್ಮ ಅಮ್ಮ ಕೊನೆಯವರೆಗೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ನೀನು ಆ ಕಂಪ್ಯೂಟರಿನಲ್ಲಿ ಏನ್ ಮಾರ್ತೀಯೋ?” “ಹೆಸರು ಮಾರ್ತೀನಮ್ಮ” ಅನ್ನುತ್ತಿದ್ದೆ. “ಯಾರ ಹೆಸರು?” ಅನ್ನುತ್ತಿದ್ದಳು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಇವತ್ತು ಅದಕ್ಕೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ನಮ್ಮ ಶಾಲೆಯ ಜಾಲತಾಣದ ಹೆಸರು ಕೈತಪ್ಪಿ ಹೋಗಿದ್ದು, ಮತ್ತೆ ಬಂದದ್ದು ಸಮಿತಿಯವರಿಗೆ ಗೊತ್ತು. ಉಳಿದವರಿಗೂ ಗೊತ್ತಾಗಲಿ ಎಂದೇ ಈ ವಿಷಯ ಆರಿಸಿಕೊಂಡಿದ್ದೇನೆ.

ಮಕ್ಕಳೇ, ನೀವು ಮೊಬೈಲಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡಲು ಒಂದು ವಿಳಾಸ ಒತ್ತುತ್ತೀರಿ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ, ನಮ್ಮ ಹಾಜರಿ ಪುಸ್ತಕದ ನಂಬರಿನ ಹಾಗೆ. ಮನುಷ್ಯರಿಗೆ ಅಂಕಿ ನೆನಪಿರುವುದಿಲ್ಲ, ಹೆಸರು ನೆನಪಿರುತ್ತದೆ. ಮೊದಮೊದಲು ಅಮೆರಿಕದ ಕ್ಯಾಲಿಫೋರ್ನಿಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ನಂಬರನ್ನು ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿತ್ತು. ಪಟ್ಟಿ ಉದ್ದವಾಗಿ ನಿಭಾಯಿಸುವುದು ಕಷ್ಟವಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬುವರು ಈಗಿನ ಹೆಸರು ವ್ಯವಸ್ಥೆಯನ್ನು ರೂಪಿಸಿದರು. ಅದರ ಒಂದೊಂದು ಹೆಸರಿಗೂ ಡೊಮೈನ್ ಎನ್ನುತ್ತೇವೆ. ಮೊಟ್ಟಮೊದಲ ‘ಡಾಟ್ ಕಾಮ್’ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಎಂಬ ಕಂಪನಿಯ ಹೆಸರಿಗೆ. ಹತ್ತು ವರ್ಷ ಅದೆಲ್ಲ ಪುಕ್ಕಟೆ. 1995ರಲ್ಲಿ ಎರಡು ವರ್ಷಕ್ಕೆ ನೂರು ಡಾಲರ್ ಎಂದು ಶುಲ್ಕ ಹಾಕಿದರು. 1999ರಲ್ಲಿ ಬಿಸಿನೆಸ್ ಡಾಟ್ ಕಾಮ್ ಎಂಬ ಒಂದು ಹೆಸರು 75 ಲಕ್ಷ ಡಾಲರಿಗೆ ಮಾರಾಟವಾಯಿತು. ಬೆಂಗಳೂರಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ನನ್ನ ತಲೆ ಕೆಡಿಸಿದ್ದು ಈ ಸುದ್ದಿ. ವಾಯ್ಸ್ ಡಾಟ್ ಕಾಮ್ 2019ರಲ್ಲಿ ಮೂರು ಕೋಟಿ ಡಾಲರಿಗೆ ಹೋಯಿತು. ಇಂಥ ಸುದ್ದಿ ಪತ್ರಿಕೆಗೆ ಬರುತ್ತದೆ, ಮಾರಾಟವಾಗದೆ ಉಳಿದ ಹೆಸರುಗಳ ಸುದ್ದಿ ಎಲ್ಲೂ ಬರುವುದಿಲ್ಲ.

ಈ ಹೆಸರುಗಳಿಗೆ ನಾವು ಮಾಲೀಕರಲ್ಲ. ಕಾಗೋಡು ಹೋರಾಟ ನಡೆದ ತಾಲ್ಲೂಕಿನವರಿಗೆ ಗೇಣಿ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಡೊಮೈನ್ ಹೆಸರು ಗೇಣಿ ಜಮೀನು. ಒಂದು ವರ್ಷಕ್ಕೆ, ಹೆಚ್ಚೆಂದರೆ ಒಮ್ಮೆಗೆ ಹತ್ತು ವರ್ಷಕ್ಕೆ ಹಿಡಿಯಬಹುದು. ಅವಧಿ ಮುಗಿದಾಗ ಗೇಣಿ ಕಟ್ಟಲಿಲ್ಲವೋ, ಬೇರೆಯವರ ಪಾಲು. ಎಷ್ಟು ವರ್ಷ ಉತ್ತಿದ್ದೇವೆ ಎಂಬುದು ಲೆಕ್ಕಕ್ಕಿಲ್ಲ. ನಮ್ಮ ಶಾಲೆ ಶುರುವಾದ 1974ರಲ್ಲೇ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂತು. ಇಂಟರ್ನೆಟ್ಟಿನಲ್ಲಿ ಅಂಥ ಕಾಯಿದೆ ಇನ್ನೂ ಬಂದಿಲ್ಲ.

ನಾನು 2008ರಲ್ಲಿ ಮೊದಲ ಹೆಸರು ಹಿಡಿದೆ. ಇಂಗ್ಲಿಷಿನ ಎರಡು ಪದ: ಆಸ್ಟ್ರೇಲಿಯದ ಒಂದು ಊರಿನ ಹೆಸರು, ಮುಂದೆ ಹಲ್ಲಿನ ಡಾಕ್ಟರು ಎಂಬ ಪದ. ಅದನ್ನು ಆನ್‌ಲೈನ್ ಮಾರುಕಟ್ಟೆಯಲ್ಲಿ ಹಾಕಿದೆ. ಈ ಮಾರುಕಟ್ಟೆ ಎಂದರೆ ಏನು ಎಂಬುದನ್ನು ನಮ್ಮ ಅಡಿಕೆ ಮಂಡಿಯ ಲೆಕ್ಕದಲ್ಲೇ ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಸಾಗರದ ಮಂಡಿಗೆ ಹೋಗುತ್ತಿದ್ದೆ. ಅಡಿಕೆ ನಮ್ಮದು, ಜಾಗ ಮಂಡಿಯವರದು, ಕೊಳ್ಳುವ ವ್ಯಾಪಾರಿ ಬೇರೆ. ಮಂಡಿಯವರು ನಡುವೆ ನಿಂತು ದಲಾಲಿ ತೆಗೆದುಕೊಳ್ಳುತ್ತಿದ್ದರು. ಇಲ್ಲೂ ಅಷ್ಟೇ. ನಮ್ಮ ಹೆಸರನ್ನು ಪಟ್ಟಿಗೆ ಸೇರಿಸುತ್ತೇವೆ. ‘ಇಷ್ಟು ಕೊಟ್ಟರೆ ಈಗಲೇ ನಿಮ್ಮದು’ ಎಂದು ಬೆಲೆ ಬರೆಯಬಹುದು, ಇಲ್ಲವೇ ‘ನೀವೇ ಒಂದು ಬೆಲೆ ಹೇಳಿ’ ಎಂದು ಬಿಡಬಹುದು. ಯಾರಾದರೂ ಆ ವಿಳಾಸವನ್ನು ಒತ್ತಿದರೆ ‘ಈ ಹೆಸರು ಮಾರಾಟಕ್ಕಿದೆ’ ಎಂಬ ಒಂದು ಪುಟ ತೆರೆಯುತ್ತದೆ, ಅದೇ ಅಂಗಡಿಯ ಬೋರ್ಡು. ವ್ಯಾಪಾರ ಕುದುರಿದರೆ ಕೊಳ್ಳುವವರ ಹಣ ಮೊದಲು ಮಧ್ಯಸ್ಥರ ಕೈಗೆ ಹೋಗುತ್ತದೆ. ನಾವು ಹೆಸರಿನ ಬೀಗ ತೆಗೆದು, ವರ್ಗಾವಣೆಯ ಗುಪ್ತಸಂಖ್ಯೆ ಕೊಡುತ್ತೇವೆ. ಹೆಸರು ಅವರ ಖಾತೆಗೆ ಸೇರಿದ ಮೇಲೆ ಹಣ ನಮಗೆ ಬಿಡುಗಡೆ. ಒಬ್ಬರ ಮುಖ ಒಬ್ಬರು ನೋಡದ ವ್ಯಾಪಾರದಲ್ಲಿ ಈ ಮಧ್ಯಸ್ಥರು ಇಲ್ಲದಿದ್ದರೆ ಮೋಸಕ್ಕೆ ಮಿತಿಯೇ ಇರುತ್ತಿರಲಿಲ್ಲ. ದಲಾಲಿ ಮಾತ್ರ ನಮ್ಮ ಮಂಡಿಗಿಂತ ಬಹಳ ಜೋರು. ಮಾರುಕಟ್ಟೆಗೆ ತಕ್ಕಂತೆ ನೂರಕ್ಕೆ ಹತ್ತರಿಂದ ಇಪ್ಪತ್ತೈದರವರೆಗೂ ಇರುತ್ತದೆ.

ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವಂತೆ ಹೆಸರಿನಲ್ಲೂ ಉಂಟು. ಒಂದೇ ಪದದ, ಎಲ್ಲರಿಗೂ ಅರ್ಥವಾಗುವ, ಒಮ್ಮೆ ಕೇಳಿದರೆ ತಪ್ಪಿಲ್ಲದೆ ಬರೆಯಬಹುದಾದ ಹೆಸರು ಸರಕು. ಮೂರು ಪದ ಸೇರಿಸಿ, ನಡುವೆ ಅಡ್ಡಗೆರೆ ಎಳೆದದ್ದು ಗೊರಬಲು. ಸರಕೆಲ್ಲ ನಾನು ಬರುವ ಹೊತ್ತಿಗೆ ಅಮೆರಿಕದವರ ಉಗ್ರಾಣ ಸೇರಿ ಆಗಿತ್ತು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ, ಅದು ತಿಳಿಯಲು ನನಗೆ ಐದು ವರ್ಷ ಹಿಡಿಯಿತು. ಅಡಿಕೆಗೆ ಇವತ್ತಿನ ಧಾರಣೆ ಎಂಬುದು ಇದೆ. ಹಣ ಬೇಕೇ ಬೇಕು ಎಂದರೆ ನಷ್ಟಕ್ಕಾದರೂ ಸಂಜೆಯೊಳಗೆ ಮಾರಿ ಮನೆಗೆ ಬರಬಹುದು. ಹೆಸರಿಗೆ ಧಾರಣೆ ಇಲ್ಲ. ಜಗತ್ತಿನಲ್ಲಿ ಆ ಹೆಸರು ಬೇಕಾದವರು ಒಬ್ಬರೋ ಇಬ್ಬರೋ. ಅವರು ಬರುವ ತನಕ ಅದರ ಬೆಲೆ ಸೊನ್ನೆ. ಬಂದ ದಿನ ಅವರ ಅಗತ್ಯ ಎಷ್ಟೋ ಬೆಲೆ ಅಷ್ಟು.

ಹಲ್ಲಿನ ಡಾಕ್ಟರ ಹೆಸರು 2010ರಲ್ಲಿ 600 ಡಾಲರಿಗೆ ಹೋಯಿತು. ನೂರಕ್ಕೆ ಇಪ್ಪತ್ತರಂತೆ 120 ದಲಾಲಿ ಕಳೆದು 480 ಉಳಿಯಿತು. ಆಗ ಡಾಲರಿಗೆ ಸುಮಾರು 45 ರೂಪಾಯಿ. ಇಪ್ಪತ್ತೊಂದು ಸಾವಿರ ಚಿಲ್ಲರೆ. ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು! ನೌಕರಿ ಬಿಟ್ಟೆ. 2013ರ ಹೊತ್ತಿಗೆ ನನ್ನ ಬಳಿ 300 ಹೆಸರುಗಳಿದ್ದವು. ಈ ವ್ಯಾಪಾರದವರು ಸಾಮಾನ್ಯವಾಗಿ ಹೇಳುವ ಲೆಕ್ಕವೆಂದರೆ, ನೂರು ಹೆಸರಿದ್ದರೆ ವರ್ಷಕ್ಕೆ ಒಂದೋ ಎರಡೋ ಮಾರಾಟವಾಗುತ್ತದೆ. ಹೆಸರಿಗೆ 650 ರೂಪಾಯಿಯಂತೆ ವರ್ಷಕ್ಕೆ 1,95,000 ರೂಪಾಯಿ ನವೀಕರಣಕ್ಕೇ ಬೇಕು. ಆ ವರ್ಷ ಮಾರಾಟವಾದದ್ದು ಮೂರು. ಅದರಲ್ಲಿ ಎರಡು ಗೊರಬಲು. ಹೆಂಡತಿಯ ಬಳೆ ಸೊಸೈಟಿಗೆ ಹೋಯಿತು ಎಂಬುದನ್ನು ಅವಳ ಎದುರಲ್ಲೇ ಹೇಳುತ್ತಿದ್ದೇನೆ, ಅವಳು ಮೂರನೇ ಸಾಲಿನಲ್ಲಿ ಕೂತಿದ್ದಾಳೆ.

ಮೋಸವೂ ಹೋದೆ. ನಿಮ್ಮ ಒಂದು ಹೆಸರಿಗೆ 8,000 ಡಾಲರ್ ಕೊಡಲು ತಯಾರಿದ್ದೇನೆ, ಆದರೆ ಅದರ ಮೌಲ್ಯಮಾಪನದ ಸರ್ಟಿಫಿಕೇಟು ಬೇಕು, ಇಂಥಲ್ಲಿ 80 ಡಾಲರಿಗೆ ಮಾಡಿಸಿಕೊಡಿ ಎಂದು ಒಬ್ಬ ಬರೆದ. ಮಾಡಿಸಿದೆ. ಸರ್ಟಿಫಿಕೇಟು ಬಂತು, ಆಸಾಮಿ ಬರಲಿಲ್ಲ. ಸರ್ಟಿಫಿಕೇಟು ಕೊಟ್ಟವನೂ ಬೆಲೆ ಹೇಳಿದವನೂ ಒಬ್ಬನೇ ಎಂದು ಆಮೇಲೆ ಹೊಳೆಯಿತು. ಮಕ್ಕಳೇ, ಮಾರುವವನಿಂದಲೇ ಮುಂಗಡ ಕೇಳುವ ಗಿರಾಕಿ ಯಾವ ಸಂತೆಯಲ್ಲೂ ಇಲ್ಲ.

ಇನ್ನೊಂದು ತಪ್ಪು ನನ್ನದೇ. ಒಂದು ಮೊಬೈಲ್ ಕಂಪನಿಯ ಹೆಸರಿನ ಮುಂದೆ ಸರ್ವೀಸ್ ಎಂಬ ಪದ ಸೇರಿಸಿ ಹೆಸರು ಹಿಡಿದಿದ್ದೆ. ವಕೀಲರ ಪತ್ರ ಬಂತು. ಕೈಕಾಲು ನಡುಗಿ ಮರುದಿನವೇ ಹೆಸರನ್ನು ಬಿಟ್ಟುಕೊಟ್ಟೆ. ಆಮೇಲೆ ಕಾನೂನು ಓದಿದೆ. ನಮ್ಮ ದೇಶದಲ್ಲಿ ಇದರ ಮುಖ್ಯ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೇ. ಸತ್ಯಂ ಇನ್ಫೋವೇ ಕಂಪನಿ ‘ಸಿಫಿ’ ಎಂಬ ಹೆಸರನ್ನು ಬಳಸುತ್ತಿತ್ತು. ಇನ್ನೊಂದು ಕಂಪನಿ ಹೆಚ್ಚುಕಡಿಮೆ ಅದೇ ಉಚ್ಚಾರದ ‘ಸಿಫಿನೆಟ್’ ಹೆಸರುಗಳನ್ನು ನೋಂದಾಯಿಸಿತ್ತು. ಕೆಳಗಿನ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೊಟ್ಟಿತು. ಡೊಮೈನ್ ಹೆಸರಿಗೂ ವ್ಯಾಪಾರಚಿಹ್ನೆಯ ರಕ್ಷಣೆ ಉಂಟು ಎಂಬುದು ಅಲ್ಲಿ ತೀರ್ಮಾನವಾಯಿತು. ಊರಿನ ಹೆಸರು, ಕಸುಬಿನ ಹೆಸರು, ಹಣ್ಣಿನ ಹೆಸರು ಹಿಡಿದು ಕಾಯುವುದು ವ್ಯಾಪಾರ. ಇನ್ನೊಬ್ಬರು ಕಷ್ಟಪಟ್ಟು ಬೆಳೆಸಿದ ಹೆಸರನ್ನು ಹಿಡಿದು ಅವರಿಗೇ ಮಾರಲು ಹೋಗುವುದು ಬೇರೆ.

ಇವೆರಡರ ನಡುವೆ ಒಂದು ಜಾಗವಿದೆ. ಅಲ್ಲಿ ಕಾನೂನು ಏನೂ ಹೇಳುವುದಿಲ್ಲ. ಅವಧಿ ಮುಗಿದು ಕೈಬಿಟ್ಟುಹೋದ ಹೆಸರುಗಳ ಹರಾಜು ನಡೆಯುತ್ತದೆ. ಹತ್ತಾರು ವರ್ಷ ಯಾರೋ ಬಳಸಿದ ಹೆಸರಾದ್ದರಿಂದ ಹುಡುಕಿಕೊಂಡು ಬರುವವರು ಇರುತ್ತಾರೆ, ಬೆಲೆ ಇರುತ್ತದೆ. 2012ರಲ್ಲಿ ಅಂಥದೊಂದು ಹೆಸರು ನನಗೆ ಅಗ್ಗಕ್ಕೆ ಸಿಕ್ಕಿತು. ಮೂರು ತಿಂಗಳ ಮೇಲೆ ಇಂಗ್ಲೆಂಡಿನ ಒಂದು ಚಿಕ್ಕ ಊರಿನಿಂದ ಪತ್ರ. ಬರೆದವರು ನಿವೃತ್ತ ಟೀಚರು. ಅದು ತಮ್ಮ ಊರಿನ ಹಾಡುವ ಸಂಘದ ಹೆಸರು, ನೋಡಿಕೊಳ್ಳುತ್ತಿದ್ದವರು ಕಾಯಿಲೆ ಬಿದ್ದು ಹಣ ಕಟ್ಟುವುದು ತಪ್ಪಿಹೋಯಿತು, ವಾಪಸು ಕೊಡಬಹುದೇ ಎಂದು ಕೇಳಿದ್ದರು. ನಾನು 700 ಡಾಲರ್ ಹೇಳಿದೆ. ನಾವು ಇಪ್ಪತ್ಮೂರು ಜನ, ಹೆಚ್ಚಿನವರು ಪಿಂಚಣಿಯವರು, ಅಷ್ಟು ಆಗುವುದಿಲ್ಲ ಎಂದು ಬರೆದರು. ಇದೊಂದು ಚೌಕಾಶಿ ಎಂದುಕೊಂಡು ಆ ಪತ್ರಕ್ಕೆ ನಾನು ಉತ್ತರವನ್ನೇ ಬರೆಯಲಿಲ್ಲ. ಬೇರೆ ಯಾರೂ ಆ ಹೆಸರನ್ನು ಕೇಳಲಿಲ್ಲ. ಎರಡು ವರ್ಷ ಗೇಣಿ ಕಟ್ಟಿ, ಮೂರನೆಯ ವರ್ಷ ನಾನೇ ಕೈಬಿಟ್ಟೆ.

ಇನ್ನು ನಮ್ಮ ಶಾಲೆಯ ವಿಷಯ.

2011ರಲ್ಲಿ ನಮ್ಮ 1991ರ ಬ್ಯಾಚಿನವರು ಇಪ್ಪತ್ತು ವರ್ಷದ ನೆಪದಲ್ಲಿ ಇದೇ ಮೈದಾನದಲ್ಲಿ ಸೇರಿದ್ದೆವು. ಅವತ್ತು ನನ್ನ ಬೆಂಚಿನ ಗೆಳೆಯ, ಪೇಟೆಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದವನು, ಶಾಲೆಯ ಹೆಸರಿನಲ್ಲಿ ಒಂದು ಜಾಲತಾಣ ಮಾಡುತ್ತೇನೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದೆವು. ಅವನು ನಿಜಕ್ಕೂ ಮಾಡಿದ. ಬ್ಯಾಚು ಬ್ಯಾಚಿನ ಗ್ರೂಪ್ ಫೋಟೊಗಳನ್ನು ಮನೆಮನೆಗೆ ಹೋಗಿ ತಂದು ಸ್ಕ್ಯಾನ್ ಮಾಡಿದ. ವಾರ್ಷಿಕೋತ್ಸವದ ಹಸ್ತಪ್ರತಿಗಳು, ಕ್ರೀಡಾಕೂಟದ ಪ್ರಶಸ್ತಿ ಪಟ್ಟಿ, ನಿವೃತ್ತರಾದ ಮೇಷ್ಟ್ರುಗಳ ಬಗ್ಗೆ ಒಂದೊಂದು ಪುಟ. ವರ್ಷವರ್ಷವೂ ಅದಕ್ಕೆ ಯಾರು ಹಣ ಕಟ್ಟುತ್ತಾರೆ ಎಂದು ನಾವು ಯಾರೂ ಕೇಳಲಿಲ್ಲ. ಅದೇ ಕಸುಬಿನಲ್ಲಿದ್ದ ನಾನೂ ಕೇಳಲಿಲ್ಲ.

2021ರ ಮೇ ತಿಂಗಳಲ್ಲಿ ಕೋವಿಡ್ ಅವನನ್ನು ತೆಗೆದುಕೊಂಡು ಹೋಯಿತು.

ಹೆಸರಿನ ಅವಧಿ ಮುಗಿದದ್ದು 2022ರ ಆಗಸ್ಟಿನಲ್ಲಿ. ಇದರ ಕ್ರಮವನ್ನು ಸ್ವಲ್ಪ ಗಮನವಿಟ್ಟು ಕೇಳಿ, ಯಾಕೆಂದರೆ ಇಲ್ಲಿ ಅಂಗಡಿ, ಹೋಂಸ್ಟೇ ನಡೆಸುವವರು ಬಹಳ ಮಂದಿ ಇದ್ದೀರಿ. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಮತ್ತೆ ಒಂದು ವಾರ ಮೊದಲು, ಮುಗಿದ ಮೇಲೂ ಒಮ್ಮೆ ನೋಂದಣಿ ಸಂಸ್ಥೆ ಎಚ್ಚರಿಕೆಯ ಮೇಲ್ ಕಳಿಸಲೇಬೇಕು ಎಂದು ಐಕಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮವಿದೆ. ಮುಗಿದ ಮೇಲೆ ಡಾಟ್ ಕಾಮ್ ಹೆಸರಿಗೆ ಹೆಚ್ಚೆಂದರೆ 45 ದಿನ ಮಾಮೂಲಿ ಶುಲ್ಕದಲ್ಲಿ ಉಳಿಸಿಕೊಳ್ಳುವ ಅವಕಾಶ ಇರಬಹುದು. ಅಷ್ಟು ದಿನ ಎಲ್ಲರೂ ಕೊಡುವುದಿಲ್ಲ. ಆಮೇಲೆ ಹೆಸರನ್ನು ಅಳಿಸಲು ಹಾಕಿದರೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಗೆ 5 ದಿನ ಯಾರೂ ಮುಟ್ಟುವಂತಿಲ್ಲ, ಆಮೇಲೆ ಎಲ್ಲರಿಗೂ ಮುಕ್ತ. ಆ ಕ್ಷಣಕ್ಕೆಂದೇ ಹೊಂಚು ಹಾಕುವ ಯಂತ್ರಗಳಿವೆ. ಅಂದರೆ ನಮ್ಮ ಹೆಸರು ಬಾಗಿಲಲ್ಲಿ ಎರಡೂವರೆ ತಿಂಗಳು ನಿಂತಿತ್ತು. ಎಚ್ಚರಿಕೆಯ ಮೇಲ್‌ಗಳು ಹೋದವು. ಹೋದದ್ದು ಅವನ ಮೇಲ್‌ಗೆ.

2023ರಲ್ಲಿ ಮಹೋತ್ಸವ ಸಮಿತಿ ಮನವಿ ಪತ್ರ ಅಚ್ಚು ಹಾಕಿಸಿದಾಗ ಅಡಿಯಲ್ಲಿ ಆ ಜಾಲತಾಣದ ವಿಳಾಸ ಇತ್ತು. ಮುಂಬೈಯಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ ತೆರೆದು ನೋಡಿದರೆ ‘ಈ ಹೆಸರು ಮಾರಾಟಕ್ಕಿದೆ, ಬೆಲೆ 1,995 ಡಾಲರ್’. ಸಮಿತಿಯ ಅಧ್ಯಕ್ಷರು ನನಗೆ ಫೋನ್ ಮಾಡಿದರು. “ನೀನು ಅದೇ ವ್ಯಾಪಾರ ಮಾಡೋನಲ್ವ ಮಾರಾಯ, ಸ್ವಲ್ಪ ನೋಡು” ಅಂದರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ನನಗೆ ಮಾತ್ರ ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ದೂರು ಕೊಡಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಜಿನೀವಾದ ವೈಪೋ ಸಂಸ್ಥೆಯಲ್ಲಿ ಇಂಥ ವ್ಯಾಜ್ಯ ತೀರ್ಮಾನವಾಗುತ್ತದೆ. ಅಲ್ಲಿ ಮೂರು ಸಂಗತಿ ತೋರಿಸಬೇಕು: ಹೆಸರು ನಮ್ಮ ವ್ಯಾಪಾರಚಿಹ್ನೆಯಂತೆಯೇ ಇದೆ, ಅವರಿಗೆ ಅದರ ಮೇಲೆ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದಲೇ ಹಿಡಿದಿದ್ದಾರೆ. ಸರ್ಕಾರಿ ಪ್ರೌಢಶಾಲೆಗೆ ಎಲ್ಲಿಯ ವ್ಯಾಪಾರಚಿಹ್ನೆ? ಒಬ್ಬ ತೀರ್ಪುಗಾರರ ಮುಂದೆ ಹೋಗಲು ಶುಲ್ಕವೇ 1,500 ಡಾಲರ್. ಕೊಳ್ಳುವುದೊಂದೇ ದಾರಿ.

ನಾನು ಕಸುಬಿನ ಬುದ್ಧಿಯನ್ನೇ ಮೊದಲು ಉಪಯೋಗಿಸಿದೆ. ಶಾಲೆಯ ಸುದ್ದಿ ಎತ್ತದೆ, ಯಾರೋ ದಾರಿಹೋಕನಂತೆ 150 ಡಾಲರ್ ಹೇಳಿದೆ. ಅಗತ್ಯ ತೋರಿಸಿಕೊಂಡರೆ ಬೆಲೆ ಏರುತ್ತದೆ ಎಂಬುದು ಮೊದಲ ಪಾಠ. ಎರಡು ಗಂಟೆಯಲ್ಲಿ ಉತ್ತರ ಬಂತು: 1,500. ನಾನೂ ಹೀಗೇ ಬರೆಯುತ್ತಿದ್ದೆ, ಪದ ಕೂಡ ಹೆಚ್ಚುಕಡಿಮೆ ಅವೇ. ಮೂರು ದಿನ ಬಿಟ್ಟು, ಮಾರುಕಟ್ಟೆಯ ಚೌಕದಲ್ಲಿ ಹಿಡಿಸುವಷ್ಟು ಇದ್ದದ್ದನ್ನು ಇದ್ದಂತೆ ಬರೆದೆ. ಇದು ಹಳ್ಳಿಯ ಸರ್ಕಾರಿ ಶಾಲೆ, ಐವತ್ತು ವರ್ಷ ತುಂಬುತ್ತಿದೆ, ನೋಡಿಕೊಳ್ಳುತ್ತಿದ್ದವನು ತೀರಿಕೊಂಡ, ಮೇಲ್‌ಗಳು ಅವನಿಗೇ ಹೋದವು. ಬರೆಯುವಾಗ ಇಂಗ್ಲೆಂಡಿನ ಆ ಟೀಚರು ಬರೆದ ಪತ್ರವನ್ನೇ ನಾನು ಕಾಪಿ ಮಾಡುತ್ತಿದ್ದೇನೆ ಅನ್ನಿಸಿತು.

ಹನ್ನೊಂದು ದಿನ ಉತ್ತರವಿಲ್ಲ. ಆ ಹನ್ನೊಂದು ದಿನ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದೆ. ಹನ್ನೆರಡನೆಯ ದಿನ ಒಂದು ಅಂಕಿ ಮಾತ್ರ ಬಂತು, 300. ಒಂದು ಅಕ್ಷರ ಇಲ್ಲ. ಮಾರಿದವರು ಯಾವ ದೇಶದವರು, ಗಂಡಸೋ ಹೆಂಗಸೋ ಎಂಬುದು ಇವತ್ತಿಗೂ ಗೊತ್ತಿಲ್ಲ. ನಮ್ಮ ಬ್ಯಾಚಿನ ಹದಿನೆಂಟು ಜನ ಸೇರಿ ಇಪ್ಪತ್ತೈದು ಸಾವಿರದಷ್ಟು ಹಣ ಹಾಕಿದೆವು. ಹೆಸರು ನಮ್ಮ ಖಾತೆಗೆ ಬಂತು.

ಆಮೇಲೆ ಆ ಹಾಡುವ ಸಂಘವನ್ನು ಹುಡುಕಿದೆ. ಅವರು ಈಗ ನಡುವೆ ಅಡ್ಡಗೆರೆ ಇರುವ ಬೇರೊಂದು ವಿಳಾಸದಲ್ಲಿದ್ದಾರೆ. ಹನ್ನೊಂದು ವರ್ಷ ತಡವಾಗಿ ಕ್ಷಮೆ ಕೇಳಿ ಬರೆದೆ. ಉತ್ತರ ಬಂದಿಲ್ಲ. ನನ್ನ ಬಳಿ ಈಗ ನಲವತ್ತು ಹೆಸರುಗಳಿವೆ, ಎಲ್ಲವೂ ಊರು, ಕಸುಬು, ಹಣ್ಣುಹಂಪಲು. ಇನ್ನೊಬ್ಬರು ಬಳಸಿ ಕಳೆದುಕೊಂಡ ಹೆಸರನ್ನು ಹರಾಜಿನಲ್ಲಿ ಹಿಡಿಯುವುದನ್ನು ಬಿಟ್ಟಿದ್ದೇನೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ವರಮಾನ ಕಡಿಮೆಯಾಗಿದೆ. ಉಳಿದದ್ದಕ್ಕೆ ಸಣ್ಣ ಅಂಗಡಿಯವರ, ಹೋಂಸ್ಟೇಯವರ ಜಾಲತಾಣ ನೋಡಿಕೊಳ್ಳುತ್ತೇನೆ. ಅವರಿಗೆಲ್ಲ ಹೇಳುವುದು ಇಷ್ಟೇ: ಹೆಸರು ನಿಮ್ಮ ಖಾತೆಯಲ್ಲಿರಲಿ, ಮಾಡಿಕೊಟ್ಟ ಹುಡುಗನ ಖಾತೆಯಲ್ಲಿ ಬೇಡ, ನನ್ನ ಖಾತೆಯಲ್ಲೂ ಬೇಡ.

ಮಕ್ಕಳಿಗೆ ಇನ್ನೊಂದು ಮಾತು. ಈಗ ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಎಂದು ಕೊನೆಯಾಗುವ ವಿಳಾಸ ಪಡೆಯಬಹುದು. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಅದನ್ನೂ ನೋಡಿಕೊಳ್ಳುತ್ತದೆ. ಅಲ್ಲಿ ಸರಕು ಇನ್ನೂ ಬೇಕಾದಷ್ಟು ಉಳಿದಿದೆ. ಮಾರಲು ಹೋಗಬೇಡಿ, ಸದ್ಯಕ್ಕೆ ಗಿರಾಕಿ ಸಿಗುವುದು ಕಷ್ಟ. ಬಳಸಲು ತೆಗೆದುಕೊಳ್ಳಿ.

ಕಡೆಯದಾಗಿ ಒಂದು ವರದಿ ಮತ್ತು ಒಂದು ಕೋರಿಕೆ. ಶಾಲೆಯ ಹೆಸರಿಗೆ 2033ರವರೆಗೆ ಹಣ ಕಟ್ಟಿದ್ದೇವೆ. ಖಾತೆ ಹಳೆಯ ವಿದ್ಯಾರ್ಥಿ ಸಂಘದ ಮೇಲ್‌ನಲ್ಲಿದೆ, ಮೂವರಿಗೆ ಅದರ ಕೀಲಿ ಗೊತ್ತು, ಪಾಸ್‌ವರ್ಡ್ ಬರೆದ ಲಕೋಟೆಯೊಂದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ದಾಖಲಾತಿ ಪುಸ್ತಕದ ಪಕ್ಕ ಇದೆ. ಹೆಸರು ಬಂತು, ಆದರೆ ಒಳಗಿದ್ದ ಪುಟಗಳು ಬರಲಿಲ್ಲ. ಅವನ್ನು ಇಟ್ಟಿದ್ದ ಜಾಗದ ಬಾಡಿಗೆಯೂ ನಿಂತಿತ್ತು, ಅಳಿಸಿಹೋಗಿವೆ. ಹಳೆಯ ಜಾಲತಾಣಗಳ ನಕಲು ಕಾಪಾಡುವ ಇಂಟರ್ನೆಟ್ ಆರ್ಕೈವ್ ಎಂಬಲ್ಲಿ ಹುಡುಕಿದಾಗ ಕೆಲವು ಪುಟ ಸಿಕ್ಕವು, ಹದಿನಾಲ್ಕು ಬ್ಯಾಚಿನ ಫೋಟೊ ಸಿಕ್ಕಿತು, ಅದೂ ಅಂಚೆಚೀಟಿಯಷ್ಟು ಚಿಕ್ಕದು. ನಮ್ಮ 1991ರದು ಸಿಕ್ಕಿದೆ. ಎರಡನೇ ಸಾಲಿನಲ್ಲಿ ಎಡಗಡೆಯಿಂದ ನಾಲ್ಕನೆಯವನು ಅವನು, ಮುಖ ಸ್ಪಷ್ಟವಿಲ್ಲ, ತಲೆ ಬಾಚಿದ ರೀತಿಯಿಂದ ಗೊತ್ತಾಗುತ್ತದೆ. ನಿಮ್ಮ ಮನೆಯ ಗೋಡೆಯ ಮೇಲೆ, ಟ್ರಂಕಿನಲ್ಲಿ, ಹಳೆಯ ಆಲ್ಬಮ್ಮಿನಲ್ಲಿ ಯಾವ ವರ್ಷದ ಗ್ರೂಪ್ ಫೋಟೊ ಇದ್ದರೂ ನಾಳೆ ತನ್ನಿ. ಆಫೀಸ್ ಕೋಣೆಯ ಪಕ್ಕ ಸ್ಕ್ಯಾನರ್ ಇಟ್ಟುಕೊಂಡು ಒಂಬತ್ತನೇ ತರಗತಿಯ ಮಕ್ಕಳು ಕೂತಿರುತ್ತಾರೆ. ಐದು ನಿಮಿಷದಲ್ಲಿ ಫೋಟೊ ನಿಮ್ಮ ಕೈಗೇ ವಾಪಸು ಕೊಡುತ್ತಾರೆ. ಹಿಂದುಗಡೆ ಹೆಸರುಗಳನ್ನು ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿಸಿ.